‘ಒಳಗಿದ್ದದ್ದು ಹೊರಗೆ ಬರಲಿ’ ಎಂಬ ಮಾತು ಇನ್ನು ಸಾಕು



ಈ ಸಲ ಪಾಠದ ವಿಷಯವಲ್ಲ, ಪರೀಕ್ಷೆಯ ವಿಷಯವೂ ಅಲ್ಲ. ನಮ್ಮ ಮಕ್ಕಳ ಮೈ ತುರಿಕೆಯ ವಿಷಯ. ಇದೂ ಒಂದು ವಿಷಯವೇ ಎಂದು ನಗಬೇಡಿ. ಕಾಸರಗೋಡಿನ ಯಾವುದಾದರೂ ಕನ್ನಡ ಶಾಲೆಗೆ ಮಳೆಗಾಲದಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ಕುಳಿತು ನೋಡಿ. ಒಂದು ಕೈಯಲ್ಲಿ ಪೆನ್ಸಿಲು, ಇನ್ನೊಂದು ಕೈ ಮೊಣಕೈಯ ಮಡಿಕೆಯಲ್ಲಿ, ಕುತ್ತಿಗೆಯಲ್ಲಿ, ಬೆರಳಿನ ಸಂದಿಯಲ್ಲಿ. ರಾತ್ರಿ ನಿದ್ದೆಯಿಲ್ಲದ ಮಗು ಹಗಲು ಪಾಠ ಕೇಳುವುದು ಹೇಗೆ? ‘ಓದಿನಲ್ಲಿ ಗಮನವಿಲ್ಲ’ ಎಂದು ಪ್ರಗತಿಪತ್ರದಲ್ಲಿ ಬರೆಯುವವರು ನಾವೇ.

ಕೆಲವು ವರ್ಷಗಳ ಹಿಂದೆ ನಾಲ್ಕನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಹೆಸರು ಬೇಡ. ಮಗ್ಗಿ ಹೇಳುವುದರಲ್ಲಿ ಎಲ್ಲರಿಗಿಂತ ಮುಂದೆ. ಹಸುಳೆಯಾಗಿದ್ದಾಗಿನಿಂದ ಅವಳಿಗೆ ಇಸುಬು. ಆಸ್ಪತ್ರೆಯ ಚರ್ಮವೈದ್ಯರು ಒಂದು ಮುಲಾಮು, ಮೈಗೆ ಹಚ್ಚಲು ಒಂದು ಕ್ರೀಮು ಕೊಟ್ಟಿದ್ದರು. ಹಚ್ಚಿದರೆ ಕಡಿಮೆ, ಬಿಟ್ಟರೆ ಪುನಃ. ಬೇಸತ್ತ ತಾಯಿ ಒಂದು ದಿನ ಸ್ಟಾಫ್ ರೂಮಿಗೆ ಬಂದು ಏನು ಮಾಡುವುದೆಂದು ಕೇಳಿದರು. ‘ಹೋಮಿಯೋ ಮಾಡಿ ನೋಡಿ, ಬುಡದಿಂದಲೇ ಹೋಗ್ತದೆ, ಸೈಡ್ ಎಫೆಕ್ಟ್ ಇಲ್ಲ’ ಎಂದವರು ಯಾರು? ಬೇರೆ ಯಾರೂ ಅಲ್ಲ, ಅಧ್ಯಾಪಕರಾದ ನಾವು.

ಗುಳಿಗೆ ಶುರುವಾಯಿತು. ಮುಲಾಮು ನಿಲ್ಲಿಸಬೇಕೆಂಬ ಪಥ್ಯವೂ ಅದರ ಜತೆಗೆ ಬಂತು. ಮೂರನೆಯ ವಾರಕ್ಕೆ ಕುತ್ತಿಗೆಯಲ್ಲಿದ್ದದ್ದು ಬೆನ್ನಿಗೆ ಇಳಿಯಿತು. ‘ಒಳಗಿದ್ದದ್ದು ಹೊರಗೆ ಬರ್ತಾ ಉಂಟಂತೆ ಟೀಚರೇ. ಮದ್ದು ಹಿಡೀತಾ ಉಂಟು ಅಂತ ಅದರ ಅರ್ಥವಂತೆ’ ಎಂದರು ತಾಯಿ. ನಾವು ತಲೆಯಾಡಿಸಿದೆವು. ಓಣಂ ಪರೀಕ್ಷೆಯ ಹೊತ್ತಿಗೆ ಚರ್ಮ ಒಡೆದು ನೀರು ಸೋರುತ್ತಿತ್ತು, ಹಳದಿ ಹೊಪ್ಪಳೆ ಕಟ್ಟಿತ್ತು, ಮೈ ಕೆಂಡದಂತೆ ಸುಡುತ್ತಿತ್ತು. ಕೊನೆಗೆ ಆಸ್ಪತ್ರೆಯಲ್ಲಿ ಮಲಗಿಸಿ ಆಂಟಿಬಯಾಟಿಕ್ ಕೊಡಬೇಕಾಯಿತು. ಆಕೆ ಶಾಲೆಗೆ ಮರಳಿದಾಗ ಬೆಂಚಿನಲ್ಲಿ ಅವಳ ಪಕ್ಕ ಕೂರಲು ಯಾರೂ ಒಪ್ಪಲಿಲ್ಲ.

ಆ ಗುಳಿಗೆ ಅವಳಿಗೆ ವಿಷವಾಗಲಿಲ್ಲ. ವಿಷವಾಗಲು ಅದರಲ್ಲಿ ಏನಾದರೂ ಇರಬೇಕಲ್ಲ! ಕೇಡು ಮಾಡಿದ್ದು ಗುಳಿಗೆಯ ಜತೆಗೆ ಬಂದ ಮಾತು. ಹೆಚ್ಚಾದರೆ ಒಳ್ಳೆಯದು, ಕಾಯಿರಿ ಎಂಬ ಮಾತು. ಆ ಮಾತಿನ ವಿರುದ್ಧವೇ ಈ ಬರೆಹ.

ಮೊದಲು ಒಂದು ಸಂಗತಿ ಸ್ಪಷ್ಟವಾಗಲಿ. ತುರಿಕೆ ಎಂಬುದು ಒಂದೇ ಕಾಯಿಲೆಯಲ್ಲ. ನಮ್ಮ ತರಗತಿಗಳಲ್ಲೇ ಕನಿಷ್ಠ ನಾಲ್ಕು ಬಗೆ ಕಾಣಸಿಗುತ್ತವೆ.

ಒಂದು, ಸೊನೆ ತಾಗಿದ್ದು. ಬೇಸಗೆಯಲ್ಲಿ ಗುಡ್ಡೆಗೆ ಹೋಗಿ ಗೇರುಬೀಜ ಹೆಕ್ಕುವ, ಬೆಂಕಿಯಲ್ಲಿ ಸುಟ್ಟು ತಿನ್ನುವ ಮಕ್ಕಳಿಗೆ ಇದು ಗೊತ್ತು. ಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಚರ್ಮಕ್ಕೆ ತಾಗಿದರೆ ಒಂದೆರಡು ದಿನ ಬಿಟ್ಟು ಕೆಂಪಾಗಿ ಬೊಕ್ಕೆ ಏಳುತ್ತದೆ. ಮಾವಿನಕಾಯಿಯ ಸೊನೆಯೂ ಕೆಲವರಿಗೆ ಹಾಗೆಯೇ. ಮತ್ತೆ ತಾಗದಂತೆ ನೋಡಿಕೊಂಡರೆ ಎರಡು ಮೂರು ವಾರಗಳಲ್ಲಿ ತಾನಾಗಿ ಒಣಗುತ್ತದೆ.

ಎರಡು, ಕಜ್ಜಿ. ಕಣ್ಣಿಗೆ ಸುಲಭದಲ್ಲಿ ಕಾಣದಷ್ಟು ಸಣ್ಣ ನುಸಿಯೊಂದು ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುವುದರಿಂದ ಬರುವಂಥದ್ದು. ರಾತ್ರಿ ತುರಿಕೆ ಹೆಚ್ಚು. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಇದರ ಜಾಗ. ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ ಬರುತ್ತದೆ.

ಮೂರು, ಗಜಕರ್ಣ. ಇದು ಬೂಷ್ಟಿನ ಜಾತಿಯ ಶಿಲೀಂಧ್ರ. ಬಳೆಯಂತೆ ಉರುಟಾಗಿ ಹರಡುತ್ತದೆ, ಒದ್ದೆ ಬಟ್ಟೆಯಲ್ಲಿ ಮಳೆಗಾಲ ಕಳೆಯುವವರನ್ನು ಬಿಡುವುದಿಲ್ಲ.

ನಾಲ್ಕು, ಆ ಹುಡುಗಿಗೆ ಇದ್ದ ಇಸುಬು, ಅಂದರೆ ಎಕ್ಸಿಮಾ. ಇದು ಅಂಟುಜಾಡ್ಯವಲ್ಲ. ಚರ್ಮವೆಂಬ ಮಾಡಿನ ಹಂಚು ಸರಿಯಾಗಿ ಕೂರದೆ ಸೋರುವ ತೊಂದರೆ. ಚರ್ಮವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದರೆ ಇಸುಬಿನ ಸಂಭವ ಹೆಚ್ಚೆಂದು ಸ್ಕಾಟ್ಲೆಂಡಿನ ಡಂಡೀಯ ಸಂಶೋಧಕರು 2006ರಲ್ಲಿ ತೋರಿಸಿಕೊಟ್ಟರು. ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಧೂಳು, ಸಾಬೂನು, ರೋಗಾಣು ಒಳಗೆ ಬರುತ್ತವೆ. ಗಮನಿಸಿ, ಇಲ್ಲಿ ಕೇಡು ಹೊರಗಿನಿಂದ ಒಳಗೆ ಹೋಗುತ್ತಿದೆ. ನಮಗೆ ಹೇಳಿಕೊಟ್ಟದ್ದು ಇದರ ತಿರುಗಾಮುರುಗ!

ಕಾರಣ ಬೇರೆ ಬೇರೆಯಾದ ಮೇಲೆ ಮದ್ದೂ ಬೇರೆ ಬೇರೆ ಇರಬೇಕು. ‘ನಮ್ಮಲ್ಲೂ ಬೇರೆ ಬೇರೆಯೇ’ ಎನ್ನುತ್ತಾರೆ ಹೋಮಿಯೋಪತಿಯವರು. ರಸ್ ಟಾಕ್ಸ್, ಗ್ರಾಫೈಟಿಸ್, ಸಲ್ಫರ್, ಅನಕಾರ್ಡಿಯಂ ಎಂದು ಹೆಸರುಗಳೂ ಉಂಟು. ಒಂದೊಂದಾಗಿ ನೋಡೋಣ.

ರಸ್ ಟಾಕ್ಸ್ ಅಮೆರಿಕದ ಒಂದು ವಿಷದ ಬಳ್ಳಿ. ಅದು ತಾಗಿದರೆ ಮೈಯೆಲ್ಲ ಬೊಕ್ಕೆ. ಸಸ್ಯಶಾಸ್ತ್ರದ ಪ್ರಕಾರ ನಮ್ಮ ಗೇರು, ಮಾವು ಎಲ್ಲ ಅದೇ ಕುಟುಂಬದವು. ಅನಕಾರ್ಡಿಯಂ ಎಂಬುದು ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದ ಭಲ್ಲಾತಕದ ಬೀಜ, ಅದೂ ಅದೇ ಕುಟುಂಬ. ಗ್ರಾಫೈಟಿಸ್ ಎಂದರೆ ನಮ್ಮ ಮಕ್ಕಳ ಪೆನ್ಸಿಲಿನೊಳಗಿನ ಗ್ರಾಫೈಟೇ. ಯಾವುದು ಆರೋಗ್ಯವಂತರಲ್ಲಿ ಬೊಕ್ಕೆ ಎಬ್ಬಿಸುತ್ತದೋ ಅದೇ ರೋಗಿಯ ಬೊಕ್ಕೆಯನ್ನು ಗುಣಪಡಿಸುತ್ತದೆ ಎಂಬುದು ಅವರ ಸೂತ್ರ. ಆದರೆ ಅದನ್ನು ಹಾಗೆಯೇ ಕೊಡುವುದಿಲ್ಲ. ಒಂದು ಪಾಲಿಗೆ 99 ಪಾಲು ಮದ್ಯಸಾರ ಅಥವಾ ನೀರು ಸೇರಿಸಿ ಕುಲುಕುತ್ತಾರೆ. ಅದರಿಂದ ಒಂದು ಪಾಲು ತೆಗೆದು ಪುನಃ 99 ಪಾಲಿಗೆ. ಹೀಗೆ ಮೂವತ್ತು ಸಲ ಮಾಡಿದರೆ ಸೀಸೆಯ ಮೇಲೆ 30 ಎಂದು ಬರೆಯುತ್ತಾರೆ.

ಈಗ ಲೆಕ್ಕದ ಪಾಠ. ಹದಿನೈದನೆಯ ಸಲಕ್ಕೆ ಬರುವಾಗ, ಮೊದಲಿನ ಒಂದು ಹನಿಯನ್ನು ಅಷ್ಟು ತೆಳುಮಾಡಲು ಭೂಮಿಯ ಮೇಲಿನ ಎಲ್ಲ ಸಮುದ್ರಗಳ ನೀರೂ ಸಾಲದು. ಇನ್ನೂ ಹದಿನೈದು ಸಲ ಬಾಕಿ ಇದೆ! ಹೈಸ್ಕೂಲಿನ ರಸಾಯನಶಾಸ್ತ್ರದಲ್ಲಿ ಅವೊಗಾಡ್ರೋ ಸಂಖ್ಯೆ ಕಲಿಸುತ್ತೇವಲ್ಲ, 6ರ ಮುಂದೆ 23 ಸೊನ್ನೆ. ಮೂವತ್ತು ಸಲ ತೆಳುಮಾಡುವುದೆಂದರೆ 1ರ ಮುಂದೆ 60 ಸೊನ್ನೆಯಿಂದ ಭಾಗಿಸುವುದು. ಹನ್ನೆರಡು ಸಲ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವೂ ಉಳಿಯುವ ಸಂಭವ ಇಲ್ಲದಷ್ಟು ಕಡಿಮೆ. ಬೆಳಗ್ಗೆ ಕಪ್ಪುಹಲಗೆಯಲ್ಲಿ ಈ ಲೆಕ್ಕ ಮಾಡಿಸಿ, ಮಧ್ಯಾಹ್ನ ಮಗುವಿನ ತಾಯಿಗೆ ‘ರಸ್ ಟಾಕ್ಸ್ 30 ಒಳ್ಳೆಯದು’ ಎಂದರೆ ನಾವು ಕಲಿಸಿದ್ದಾದರೂ ಏನು?

‘ಲೆಕ್ಕ ಯಾರಿಗೆ ಬೇಕು, ನಮಗೆ ಗುಣವಾಗಿದೆ’ ಎನ್ನುವವರಿದ್ದೀರಿ. ಸುಳ್ಳು ಹೇಳುತ್ತೀರಿ ಎನ್ನುವುದಿಲ್ಲ. ಆದರೆ ಸೊನೆ ತಾಗಿದ ಬೊಕ್ಕೆ ಮೂರು ವಾರದಲ್ಲಿ ಹೇಗೂ ಒಣಗುತ್ತದೆ. ಗುಳಿಗೆ ಕೊಟ್ಟು ಮೂರು ವಾರ ಕಾಯಲು ಹೇಳಿದರೆ ಕೀರ್ತಿ ಯಾರಿಗೆ? ಇಸುಬು ಏರುತ್ತದೆ, ಇಳಿಯುತ್ತದೆ. ತೀರಾ ಏರಿದಾಗಲೇ ನಾವು ಮದ್ದು ಹುಡುಕಿಕೊಂಡು ಹೋಗುವುದು, ಆಮೇಲೆ ಅದು ಇಳಿಯಲೇಬೇಕು. ದೊಡ್ಡವರಾಗುತ್ತಾ ಬಹಳಷ್ಟು ಮಕ್ಕಳಿಗೆ ಅದು ತಾನಾಗಿಯೇ ಕಡಿಮೆಯಾಗುತ್ತದೆ. ಕಾಗೆ ಕೂತದ್ದಕ್ಕೂ ಗೆಲ್ಲು ಮುರಿದದ್ದಕ್ಕೂ ನಂಟು ಹಾಕುವುದು ಇಲ್ಲಿಯೇ.

ಕಾಗೆಯನ್ನೂ ಗೆಲ್ಲನ್ನೂ ಬೇರೆ ಮಾಡಿ ನೋಡುವ ದಾರಿ ಒಂದೇ. ಕೆಲವರಿಗೆ ಮದ್ದಿರುವ ಗುಳಿಗೆ, ಕೆಲವರಿಗೆ ಬರೀ ಸಕ್ಕರೆ ಗುಳಿಗೆ, ಯಾರಿಗೆ ಯಾವುದೆಂದು ಯಾರಿಗೂ ತಿಳಿಯದಂತೆ ಕೊಟ್ಟು ಹೋಲಿಸುವುದು. ಇಸುಬಿಗೆ ಹೋಮಿಯೋಪತಿಯ ಮೇಲೆ ನಡೆದ ಹೋಲಿಕೆಯ ಪರೀಕ್ಷೆಗಳನ್ನು ಎಡ್ಜರ್ಡ್ ಅರ್ನ್‌ಸ್ಟ್ ಒಟ್ಟುಗೂಡಿಸಿ 2012ರಲ್ಲಿ ಬ್ರಿಟನ್ನಿನ ಚರ್ಮವೈದ್ಯರ ಪತ್ರಿಕೆಯಲ್ಲಿ ಬರೆದರು. ಪರಿಣಾಮವಿದೆಯೆಂದು ಅವು ತೋರಿಸುವುದಿಲ್ಲ ಎಂಬುದೇ ಅವರು ಕಂಡದ್ದು. ಅವರು ಸ್ವತಃ ಹೋಮಿಯೋಪತಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದವರು ಎಂಬುದು ನೆನಪಿರಲಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಮಂಡಳಿ 2015ರಲ್ಲಿ, ಹೋಮಿಯೋಪತಿ ಫಲಕಾರಿ ಎನ್ನಲು ನಂಬಲರ್ಹ ಪುರಾವೆ ಯಾವ ಕಾಯಿಲೆಗೂ ಇಲ್ಲ ಎಂದಿತು.

ಹಾಗಾದರೆ ‘ಒಳಗಿದ್ದದ್ದು ಹೊರಗೆ’ ಎಂಬ ಮಾತು ಬಂದದ್ದು ಎಲ್ಲಿಂದ? ಅದಕ್ಕೂ ಒಂದು ಚರಿತ್ರೆಯಿದೆ. ಹೋಮಿಯೋಪತಿಯ ಮೂಲಪುರುಷ, ಜರ್ಮನಿಯ ಸಾಮುವೆಲ್ ಹಾನಿಮನ್ 1828ರಲ್ಲಿ ದೀರ್ಘಕಾಲದ ಕಾಯಿಲೆಗಳ ಬಗ್ಗೆ ಗ್ರಂಥ ಪ್ರಕಟಿಸಿದರು. ಇಂತಹ ಕಾಯಿಲೆಗಳ ಎಂಟರಲ್ಲಿ ಏಳು ಪಾಲಿಗೆ ‘ಸೋರಾ’ ಎಂಬ ಒಳಗಿನ ದೋಷವೇ ಕಾರಣ, ಕಜ್ಜಿ ತುರಿಕೆಗಳು ಅದರ ಹೊರರೂಪ, ಮುಲಾಮು ಹಚ್ಚಿ ಹೊರಗಿನದನ್ನು ಅದುಮಿದರೆ ದೋಷ ಒಳಗೆ ಸೇರಿ ದೊಡ್ಡ ರೋಗವಾಗುತ್ತದೆ ಎಂಬುದು ಅವರ ವಾದ. ಆದರೆ ಕಜ್ಜಿಗೆ ನುಸಿಯೇ ಕಾರಣವೆಂದು ಇಟಲಿಯ ಬೊನೋಮೋ 1687ರಲ್ಲೇ ಬರೆದಿದ್ದರು. ನಂಬದವರ ಮುಂದೆ 1834ರಲ್ಲಿ ಪ್ಯಾರಿಸಿನಲ್ಲಿ ರೆನೂಚಿ ಎಂಬ ವೈದ್ಯ ವಿದ್ಯಾರ್ಥಿ ಸೂಜಿಯ ಮೊನೆಯಿಂದ ನುಸಿಯನ್ನು ಎತ್ತಿ ತೋರಿಸಿದ. ಸಿದ್ಧಾಂತ ಅಂದಿಗೇ ಮುಗಿಯಬೇಕಿತ್ತು. ಇನ್ನೂರು ವರ್ಷವಾಗುತ್ತಾ ಬಂದರೂ ಅದು ನಮ್ಮ ಊರಿನ ಅಮ್ಮಂದಿರ ಬಾಯಲ್ಲಿ ಉಳಿದಿದೆ.

ಇದರಲ್ಲೊಂದು ತಮಾಷೆಯೂ ಉಂಟು. ಹಾನಿಮನ್ ವಿರೋಧಿಸಿದ ಗಂಧಕದ ಮುಲಾಮು ನಿಜವಾಗಿಯೂ ಕಜ್ಜಿಯ ನುಸಿಯನ್ನು ಕೊಲ್ಲುತ್ತದೆ. ಹಸುಳೆಗಳಿಗೆ ಇಂದೂ ಕೆಲವು ವೈದ್ಯರು ಅದನ್ನು ಬರೆಯುತ್ತಾರೆ. ‘ಸಲ್ಫರ್ 200’ ಎಂಬ ಗುಳಿಗೆಯಲ್ಲಿ ಇಲ್ಲದ್ದು ಯಾವುದೆಂದರೆ ಆ ಗಂಧಕವೇ.

‘ಅದುಮಿದರೆ ದಮ್ಮು ಬರ್ತದೆ’ ಎಂಬ ಹೆದರಿಕೆಗೂ ಉತ್ತರ ಬೇಕು. ಇಸುಬು ಇರುವ ಕೆಲವು ಮಕ್ಕಳಿಗೆ ಮುಂದೆ ಅಸ್ತಮಾ ಬರುವುದು ನಿಜ. ಎರಡಕ್ಕೂ ಬೇರು ಒಂದೇ ಅಲರ್ಜಿಯ ಪ್ರವೃತ್ತಿ. ಇಸುಬು ಎಳವೆಯಲ್ಲಿ ಕಾಣಿಸುತ್ತದೆ, ದಮ್ಮು ಸ್ವಲ್ಪ ತಡವಾಗಿ. ಅಣ್ಣ ಮೊದಲು ಹುಟ್ಟಿದ ಎಂದು ತಮ್ಮನನ್ನು ಅಣ್ಣನೇ ಹೆತ್ತನೆಂದು ಯಾರಾದರೂ ಹೇಳುತ್ತಾರೆಯೇ?

‘ಗುಣವಾಗದಿದ್ದರೂ ತೊಂದರೆಯಿಲ್ಲವಲ್ಲ’ ಎನ್ನುವವರು ಸಿಡ್ನಿಯ ಕಥೆ ಕೇಳಿ. 2002ರಲ್ಲಿ ಅಲ್ಲಿ ಒಂಬತ್ತು ತಿಂಗಳ ಹೆಣ್ಣುಮಗು ತೀರಿಕೊಂಡಿತು. ನಾಲ್ಕನೆಯ ತಿಂಗಳಲ್ಲಿ ಪತ್ತೆಯಾದದ್ದು ಬರೀ ಇಸುಬು. ತಂದೆ ಹೋಮಿಯೋಪತಿ ಕಲಿತವರು. ಚರ್ಮತಜ್ಞರಿಗೆ ತೋರಿಸಿ ಎಂದು ವೈದ್ಯರು ಹೇಳಿದ್ದರೂ ಗುಳಿಗೆಯನ್ನೇ ನೆಚ್ಚಿದರು. ಒಡೆದ ಚರ್ಮದಿಂದ ಸೋಂಕು ರಕ್ತಕ್ಕೆ ಇಳಿಯಿತು. 2009ರಲ್ಲಿ ಅಲ್ಲಿನ ನ್ಯಾಯಾಲಯ ತಂದೆ ತಾಯಿ ಇಬ್ಬರನ್ನೂ ಮಗುವಿನ ಸಾವಿಗೆ ಹೊಣೆಗಾರರೆಂದು ಜೈಲಿಗೆ ಕಳುಹಿಸಿತು. ನಮ್ಮ ಹುಡುಗಿಗೆ ಜ್ವರ ಬಂದ ರಾತ್ರಿ ಆಸ್ಪತ್ರೆಗೆ ಹೋಗದೆ ಇನ್ನೂ ನಾಲ್ಕು ದಿನ ಕಾದಿದ್ದರೆ...

ಇಷ್ಟು ಹೇಳಿದ ಮೇಲೆ ನ್ಯಾಯವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ಜನ ಹೋಮಿಯೋಪತಿಯ ಕಡೆಗೆ ಸುಮ್ಮನೆ ಹೋಗುವುದಿಲ್ಲ.

ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ತೊಡಗಿದವರು. ಆಗ ಕಾಸರಗೋಡು ದಕ್ಷಿಣ ಕನ್ನಡಕ್ಕೆ ಸೇರಿದ್ದ ಊರು, ಇಲ್ಲಿಯವರಿಗೂ ಆ ಬಿಳಿ ಗುಳಿಗೆ ಅಜ್ಜಂದಿರ ಕಾಲದ ಪರಿಚಯ. ಬಡವರ ಬಗೆಗಿನ ಆ ಕರುಣೆಗೆ ಕೈಮುಗಿಯುತ್ತೇವೆ. ಕರುಣೆ ಬೇರೆ, ಮದ್ದಿನ ಗುಣ ಬೇರೆ.

ಎಂಡೋಸಲ್ಫಾನನ್ನೂ ಮರೆಯುವ ಹಾಗಿಲ್ಲ. ಗೇರುತೋಟಗಳ ಮೇಲೆ 2000ದ ವರೆಗೆ ಹೆಲಿಕಾಪ್ಟರಿನಲ್ಲಿ ವಿಷ ಸಿಂಪಡಿಸಿದ ಊರು ನಮ್ಮದು. ‘ಏನೂ ಆಗುವುದಿಲ್ಲ’ ಎಂದ ದೊಡ್ಡವರ ಮಾತು ನಂಬಿ ಕೆಟ್ಟವರು ನಾವು. ಕೆಮಿಕಲ್ ಎಂದರೆ ಬೆಚ್ಚುವುದು ಸಹಜ. ಆದರೆ ಅಂದು ನಾವು ಗೆದ್ದದ್ದು ಹೇಗೆ? ಮನೆಮನೆಯ ರೋಗಿಗಳನ್ನು ಲೆಕ್ಕ ಹಾಕಿ, ನೀರು ಮಣ್ಣು ಪರೀಕ್ಷಿಸಿ, ‘ಪುರಾವೆ ತೋರಿಸಿ’ ಎಂದು ಪಟ್ಟು ಹಿಡಿದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಅದೇ ಪ್ರಶ್ನೆಯನ್ನು ಗುಳಿಗೆಗೂ ಕೇಳಿದರೆ ತಪ್ಪೇ?

ಮುಲಾಮಿನ ಹೆದರಿಕೆಯೂ ಪೂರ್ತಿ ಆಧಾರವಿಲ್ಲದ್ದಲ್ಲ. ಮೆಡಿಕಲ್ ಶಾಪಿಗೆ ಹೋಗಿ ‘ತುರಿಕೆಗೆ ಒಂದು ಟ್ಯೂಬು’ ಎಂದರೆ ಸಿಗುತ್ತಿದ್ದದ್ದು ಸ್ಟಿರಾಯ್ಡ್, ಶಿಲೀಂಧ್ರದ ಮದ್ದು, ಆಂಟಿಬಯಾಟಿಕ್ ಎಲ್ಲ ಕಲಸಿದ ಬೆರಕೆ. ಗಜಕರ್ಣಕ್ಕೆ ಅದನ್ನು ಹಚ್ಚಿದರೆ ನಾಲ್ಕು ದಿನ ಆರಾಮ, ಆಮೇಲೆ ಇಮ್ಮಡಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿದ್ದು ಇದಕ್ಕೇ. ಆದರೆ ವೈದ್ಯರು ನೋಡಿ ಬರೆದ ಮುಲಾಮನ್ನು ಹೇಳಿದಷ್ಟು, ಹೇಳಿದಷ್ಟು ದಿನ ಹಚ್ಚುವುದು ಬೇರೆಯೇ ಸಂಗತಿ. ಕತ್ತಿ ಕೈ ಕೊಯ್ಯುತ್ತದೆಂದು ತೆಂಗಿನಕಾಯಿಯನ್ನು ಹಲ್ಲಿನಿಂದ ಸುಲಿಯಲಾದೀತೇ?

ಇನ್ನೊಂದು, ನಮ್ಮನ್ನೇ ಚುಚ್ಚುವ ಕಾರಣ. ಹೋಮಿಯೋ ವೈದ್ಯರು ಅರ್ಧ ಗಂಟೆ ಕೂರಿಸಿ ಕೇಳುತ್ತಾರೆ, ತುಳುವಿನಲ್ಲೋ ಕನ್ನಡದಲ್ಲೋ. ಸರಕಾರಿ ಆಸ್ಪತ್ರೆಯಲ್ಲಿ ಉದ್ದದ ಸಾಲು, ಎರಡು ನಿಮಿಷದ ಭೇಟಿ, ಕೈಗೆ ಕೊಟ್ಟ ಕಾಗದ ಮಲೆಯಾಳದಲ್ಲಿ, ಟ್ಯೂಬಿನ ಮೇಲಿನ ಬರೆಹ ಇಂಗ್ಲಿಷಿನಲ್ಲಿ. ಹೇಗೆ ಹಚ್ಚಬೇಕು, ಎಷ್ಟು ದಿನ ಎಂಬುದು ತಿಳಿಯದೆ ಮದ್ದು ಅರ್ಧಕ್ಕೆ ನಿಲ್ಲುತ್ತದೆ. ‘ಇಂಗ್ಲಿಷ್ ಮದ್ದು ಹಿಡಿಯಲಿಲ್ಲ’ ಎಂಬ ಮಾತು ಹುಟ್ಟುವುದು ಅಲ್ಲಿ. ಭಾಷಾ ಅಲ್ಪಸಂಖ್ಯಾತರಾದ ನಾವು ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸಬಹುದೆಂದು 1969ರ ಕೇರಳದ ಭಾಷಾ ಕಾಯಿದೆಯೇ ಹೇಳುತ್ತದೆ. ಕಡತಕ್ಕೆ ಕನ್ನಡ ಬೇಕೆಂದು ಕೂಗುವ ನಾವು ಮಕ್ಕಳ ಮದ್ದಿನ ಚೀಟಿಗೆ ಕನ್ನಡ ಬೇಕೆಂದು ಎಷ್ಟು ಸಲ ಕೇಳಿದ್ದೇವೆ?

‘ಸರಕಾರವೇ ಹೋಮಿಯೋ ಡಿಸ್ಪೆನ್ಸರಿ ನಡೆಸುತ್ತದಲ್ಲ’ ಎಂಬುದು ಕೊನೆಯ ವಾದ. ನಿಜ, ನಡೆಸುತ್ತದೆ. 2021ರಲ್ಲಿ ಕೊರೊನಾದ ಬಳಿಕ ಶಾಲೆ ತೆರೆಯುವ ಹೊತ್ತಿಗೆ ಕೇರಳದ ಶಾಲಾಮಕ್ಕಳಿಗೆ ಆರ್ಸೆನಿಕಂ ಆಲ್ಬಂ 30 ಗುಳಿಗೆ ಹಂಚಲು ಹೊರಟದ್ದೂ ಸರಕಾರವೇ. ಸರಕಾರದ ಮೊಹರು ಕಾನೂನಿನ ಮಾನ್ಯತೆ ಕೊಡಬಹುದು. ಅಣುವಿಲ್ಲದ ಗುಳಿಗೆಗೆ ಅಣು ತುಂಬಲು ಅದಕ್ಕಾಗದು.

ಹಾಗಾದರೆ ಮಾಡಬೇಕಾದ್ದೇನು? ರಕ್ಷಕ-ಶಿಕ್ಷಕ ಸಂಘದ, ಮಾತೃಸಂಘದ ಮುಂದಿನ ಸಭೆಗಳಲ್ಲಿ ಇಷ್ಟನ್ನು ಮಾತಾಡಿ ಎಂದು ಕೇಳಿಕೊಳ್ಳುತ್ತೇವೆ.

1. ಅಧ್ಯಾಪಕರು ಮದ್ದು ಹೇಳುವುದನ್ನು ಬಿಡೋಣ. ತುರಿಕೆ ಕಂಡರೆ ಕುಟುಂಬ ಆರೋಗ್ಯ ಕೇಂದ್ರಕ್ಕೆ ಕಳುಹಿಸೋಣ. ನೀರು ಸೋರುವುದು, ಹಳದಿ ಹೊಪ್ಪಳೆ, ಜ್ವರ ಇದ್ದರೆ ಅದೇ ದಿನ. ಅದು ‘ಹೊರಗೆ ಬರುವ’ ಲಕ್ಷಣವಲ್ಲ, ಸೋಂಕು.

2. ಕಜ್ಜಿಗೆ ವೈದ್ಯರು ಕೊಡುವ ಪರ್ಮೆತ್ರಿನ್ ಮುಲಾಮನ್ನು ಮನೆಯವರೆಲ್ಲರೂ, ತುರಿಕೆ ಇಲ್ಲದವರೂ, ಒಂದೇ ರಾತ್ರಿ ಕುತ್ತಿಗೆಯಿಂದ ಕೆಳಗೆ ಪಾದದವರೆಗೆ ಹಚ್ಚಬೇಕು. ವಾರ ಬಿಟ್ಟು ಇನ್ನೊಮ್ಮೆ. ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಮೊದಲ ರಾತ್ರಿಯ ಮದ್ದು ಆದರೆ ಮಗು ಮರುದಿನ ಶಾಲೆಗೆ ಬರಬಹುದು. ಮೂಲೆಯಲ್ಲಿ ಕೂರಿಸುವುದು ಬೇಡ.

3. ಇಸುಬಿನ ಮಗುವಿಗೆ ಮಿಂದ ಕೂಡಲೇ, ಮೈಯ ಪಸೆ ಆರುವ ಮೊದಲೇ ತೇವ ಉಳಿಸುವ ಲೇಪ ಬೇಕು. ದುಬಾರಿಯದ್ದೇ ಆಗಬೇಕೆಂದಿಲ್ಲ. 2014ರಲ್ಲಿ ಪ್ರಕಟವಾದ, ಫಿಲಿಪ್ಪೀನ್ಸಿನ 117 ಮಕ್ಕಳ ಮೇಲಿನ ಪರೀಕ್ಷೆಯೊಂದರಲ್ಲಿ ಶುದ್ಧ ತೆಂಗಿನೆಣ್ಣೆ ಖನಿಜ ತೈಲಕ್ಕಿಂತ ಒಳ್ಳೆಯ ಫಲ ಕೊಟ್ಟಿತು. ನಮ್ಮ ಹಿತ್ತಲಿನ ಎಣ್ಣೆಗೂ ಪುರಾವೆ ಉಂಟು ನೋಡಿ! ಆದರೆ ಅದು ಸೌಮ್ಯ ಅಥವಾ ಮಧ್ಯಮ ಮಟ್ಟದ ಇಸುಬಿಗೆ. ಕೆರಳಿದಾಗ ವೈದ್ಯರ ಮುಲಾಮೇ ಬೇಕು.

4. ವೈದ್ಯರ ಚೀಟಿಯಿಲ್ಲದೆ ತುರಿಕೆಯ ಟ್ಯೂಬು ಕೊಳ್ಳುವುದು ಬೇಡ.

5. ಪಂಚಾಯತಿಗೂ ಆರೋಗ್ಯ ಕೇಂದ್ರಕ್ಕೂ ಕನ್ನಡದಲ್ಲಿ ಮನವಿ ಕೊಡೋಣ, ಕಜ್ಜಿ, ಗಜಕರ್ಣ, ಇಸುಬಿನ ಬಗ್ಗೆ ಕನ್ನಡದ ಕರಪತ್ರಕ್ಕಾಗಿ. ಅನುವಾದಿಸಲು ಜನವಿಲ್ಲವೆಂದರೆ ನಾವಿದ್ದೇವೆ.

ಆ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ. ಇಸುಬು ಪೂರ್ತಿ ಹೋಗಿಲ್ಲ. ಮಿಂದು ಬಂದ ಮೇಲೆ ಏನು ಹಚ್ಚಬೇಕು, ಕೆರಳಿದರೆ ಏನು ಮಾಡಬೇಕು ಎಂದು ಅವಳಿಗೆ ಗೊತ್ತು. ಕಳೆದ ವರ್ಷ ವಾರ್ಷಿಕೋತ್ಸವಕ್ಕೆ ಬಂದವಳು ಗಿಡ್ಡ ತೋಳಿನ ಅಂಗಿ ಹಾಕಿದ್ದಳು. ನಾಲ್ಕನೆಯ ತರಗತಿಯಲ್ಲಿ ಸೆಕೆಗೂ ಉದ್ದ ತೋಳು ಬಿಟ್ಟದ್ದು ನಾವು ಕಂಡವರಲ್ಲ. ಅಂದು ನಾವು ಕೊಟ್ಟ ಸಲಹೆಗೆ ಅವಳ ತಾಯಿಯಲ್ಲಿ ಕ್ಷಮೆ ಕೇಳಿದ್ದೇವೆ. ‘ನಿಮಗೂ ಗೊತ್ತಿರ್ಲಿಲ್ಲವಲ್ಲ ಟೀಚರೇ’ ಎಂದು ಅವರು ದೊಡ್ಡ ಮನಸ್ಸು ಮಾಡಿದರು.

ಈಗ ಗೊತ್ತಿದೆ. ಇನ್ನು ಆ ನೆಪ ನಮಗಿಲ್ಲ, ಇದನ್ನು ಓದಿದ ನಿಮಗೂ ಇಲ್ಲ.